ಎಪ್ಪತ್ತೇಳರ ತಗಡು

ಕಾಬ್ಸ್ ಕಾರ್ನರ್ ಊರಿನವರು ಸುಳ್ಳು ಹೇಳುವವರಲ್ಲ. ಹಸುವಿನ ಹಾಲು, ಮೀನಿನ ಉದ್ದ, ಜಿಂಕೆಯ ಕೊಂಬು ಇವುಗಳ ವಿಷಯದಲ್ಲಿ ಅಕ್ಕಪಕ್ಕದ ಊರಿನವರಿಗಿಂತ ಎಷ್ಟೋ ವಾಸಿ. ಹಿಮದ ಮಾತು ಬಂದಾಗ ಮಾತ್ರ ಅವರ ನೆನಪಿನ ಶಕ್ತಿ ವಿಪರೀತ ಹೆಚ್ಚುತ್ತದೆ. ಆ ಭಾನುವಾರ ಮಧ್ಯಾಹ್ನ ರೇಡಿಯೊದವನು ಗಂಟಲು ಸರಿಮಾಡಿಕೊಂಡು, ಒಂಟಾರಿಯೊ ಸರೋವರದ ಮೇಲೆ ಗಾಳಿ ತಿರುಗಿದೆ, ಬುಧವಾರದೊಳಗೆ ಆರು ಅಡಿ ಹಿಮ, ಕೆಲವು ಕಡೆ ಅದಕ್ಕೂ ಮೇಲೆ ಎಂದು ಹೇಳಿದ್ದೇ ತಡ, ಊರಿನ ಮೂವತ್ತೆಂಟು ಮನೆಗಳಲ್ಲೂ ನೆನಪುಗಳು ಎದ್ದು ಕುಳಿತವು. ಬ್ರೆಡ್ಡು, ಹಾಲು, ಸೀಮೆಎಣ್ಣೆ ಎಲ್ಲ ಕೂಡಿಹಾಕಿ, ದನಗಳಿಗೆ ಮೇವು ಹಾಕಿ, ಜನ ಫೈರ್ ಸ್ಟೇಷನ್ನಿಗೆ ಬಂದು ಸೇರಿದರು. ಅಲ್ಲಿ ಬೆಂಕಿ ನಂದಿಸುವ ಒಂದು ಹಳೆಯ ಲಾರಿ, ದೊಡ್ಡ ಕಬ್ಬಿಣದ ಒಲೆ, ಮೇಲೊಂದು ಅಟ್ಟ ಇದ್ದವು. ಊರಿಗೆ ಬೆಂಕಿ ಬಿದ್ದದ್ದು ಕಡಿಮೆ, ಆದ್ದರಿಂದ ಆ ಕಟ್ಟಡ ಹರಟೆಗೆ ಒದಗುತ್ತಿತ್ತು.

ಒಲೆಯ ಮೇಲೆ ಜಿಂಕೆ ಮಾಂಸದ ಸಾರು ಕುದಿಯುತ್ತಿತ್ತು. ಸ್ಟೇಷನ್ನಿನ ಕ್ಯಾಪ್ಟನ್ ಕ್ಲಾಡ್ ಬುಷೇ ಎಂಬ ಭಾರೀ ಆಳು, ಬೆಂಚಿನ ಮೇಲೆ ಒಂದು ಕಾಲಿಟ್ಟು ಶುರುಮಾಡಿದ.

"ಆರು ಅಡಿ ಅಂತೆ. ಆರು ಅಡಿ ಅನ್ನೋದು ಒಂದು ಹಿಮವೇನ್ರಿ? ಎಪ್ಪತ್ತೇಳರಲ್ಲಿ ಇದೇ ಗೋಡೆ ಪಕ್ಕ ನಾನು ಹಿಮದ ಮೇಲೆ ಗಲ್ಲ ಊರಿಕೊಂಡು ನಿಂತಿದ್ದೆ. ಕೆಳಗಡೆ ನನ್ನ ಕಾಲಿಗೆ ನೆಲ ಸಿಕ್ಕಿರಲಿಲ್ಲ."

"ಹಾಗಾದ್ರೆ ನಿಂತಿದ್ದು ಯಾವುದರ ಮೇಲೆ?" ಎಂದು ರಸ್ತೆ ಮೇಲ್ವಿಚಾರಕ ವರ್ನ್ ಕೇಳಿದ.

"ಅಪ್ಪನ ಟ್ರ್ಯಾಕ್ಟರ್ ಮೇಲೆ. ಅದು ಕೆಳಗಿದೆ ಅಂತ ನನಗೆ ಏಪ್ರಿಲ್‌ನಲ್ಲಿ ಗೊತ್ತಾಯ್ತು."

"ನಮ್ಮ ಮನೇಲಿ ಬಾಗಿಲು ತೆಗೆದ್ರೆ ಹಿಮ ಬಾಗಿಲ ಆಕಾರದಲ್ಲೇ ನಿಂತಿತ್ತು. ಹಿಡಿಕೆಯ ಗುರುತು ಕೂಡ ಇತ್ತು," ಎಂದಳು ರೊವೀನಾ. ಅವಳು ಈ ಊರಿಗೆ ಮದುವೆಯಾಗಿ ಬಂದದ್ದು ಎಂಬತ್ತರಲ್ಲಿ. ಆದರೂ ಎಪ್ಪತ್ತೇಳರ ಹಿಮಗಾಳಿ ಅವಳಿಗೆ ಚೆನ್ನಾಗಿ ನೆನಪಿತ್ತು. ಊರಿಗೆ ಒಗ್ಗಿಕೊಳ್ಳುವುದೆಂದರೆ ಹಾಗೆ.

ಅವಳ ಗಂಡ ಡೆಲ್ಬರ್ಟ್ ಲಕ್ಲೇರ್ ಮಾತ್ರ ಮೂಲೆಯಲ್ಲಿ ಸಾರಿನ ಬಟ್ಟಲು ಹಿಡಿದು, ಯಾರ ಮುಖವನ್ನೂ ನೋಡದೆ ಕುಳಿತಿದ್ದ. ಐವತ್ತೆರಡು ವರ್ಷದ ಡೆಲ್ಬರ್ಟ್ ಶಾಲೆಯ ಬಸ್ಸು ಓಡಿಸುವವನು. ಒಳ್ಳೆಯ ಮನುಷ್ಯ, ಆದರೆ ಯಾವ ಕೆಲಸಕ್ಕೆ ಕೈ ಹಾಕಿದರೂ ಅದಕ್ಕೆ ಒಂದು ಸೊಟ್ಟ ತಾನಾಗಿ ಬರುತ್ತಿತ್ತು. ಒಮ್ಮೆ ಈಸ್ಟರ್ ರಜೆಯ ಸೋಮವಾರ ಬೆಳಿಗ್ಗೆ ಇಡೀ ದಾರಿ ಬಸ್ಸು ಓಡಿಸಿ, ಪ್ರತಿ ನಿಲ್ದಾಣದಲ್ಲೂ ಹಾರ್ನ್ ಹೊಡೆದು, ಈ ಕಾಲದ ಮಕ್ಕಳಿಗೆ ಶಿಸ್ತಿಲ್ಲ ಎಂದು ಬೈದುಕೊಂಡು ಖಾಲಿ ಬಸ್ಸನ್ನು ಶಾಲೆಯ ಮುಂದೆ ತಂದು ನಿಲ್ಲಿಸಿದ್ದ. ಇವತ್ತು ಅವನ ಸಂಕಟ ಬೇರೆ. ಆ ಸಂಕಟ ಪಡುವಣ ಗೋಡೆಯ ಹೊರಮೈಗೆ ಮೊಳೆ ಹೊಡೆದುಕೊಂಡು ಹದಿನಾರು ವರ್ಷದಿಂದ ಅಲ್ಲೇ ಇತ್ತು.

ಆ ಗೋಡೆಯ ಕಟ್ಟಳೆ ಹೀಗೆ. ಅದರಿಂದ ಹತ್ತು ಹೆಜ್ಜೆಯೊಳಗೆ ಚಳಿಗಾಲದಲ್ಲಿ ಯಾರೂ ಸಲಿಕೆ ಹಾಕುವಂತಿಲ್ಲ, ನಾಯಿಯನ್ನೂ ಬಿಡುವಂತಿಲ್ಲ. ಬಿದ್ದ ಹಿಮ ಬಿದ್ದ ಹಾಗೇ ನಿಲ್ಲಬೇಕು. ಹಿಂದೆ ಹಿಮ ಅತಿ ಎತ್ತರಕ್ಕೆ ಏರಿದ ಮಟ್ಟದ ಗುರುತು ಮುಳುಗಿದರೆ, ಆ ಗುರುತು ಹಾಕಿದವರ ಮನೆಯವರೇ ಬಂದು ಹೊಸ ಮೊಳೆ ಹೊಡೆಯಬೇಕು. ಎಪ್ಪತ್ತೇಳರಲ್ಲಿ ಗುರುತು ಕೊರೆದವನು ಎಜ್ರಾ. ಎರಡು ವರ್ಷ ಕಳೆದು ಅವನು ತೀರಿಕೊಂಡ. ಅವನ ಹೆಂಡತಿ ಆಲ್ಥಿಯಾಗೆ ಈಗ ತೊಂಬತ್ತೆರಡು. ಊರಿಗೆಲ್ಲ ಅವಳು ಅಜ್ಜಿ. ದೊಡ್ಡ ಹಿಮ ಬಿದ್ದಾಗಲೆಲ್ಲ ಅಜ್ಜಿ ಚೀಲದಲ್ಲಿ ಎಜ್ರಾನ ಸುತ್ತಿಗೆ ಇಟ್ಟುಕೊಂಡು ಬಂದು, ಗೋಡೆ ನೋಡಿ, "ಇಲ್ಲ, ಎಜ್ರಾ ಇನ್ನೂ ಮೇಲಿದ್ದಾನೆ" ಎಂದು ಹೇಳಿ ಹಿಂದಿರುಗುತ್ತಿದ್ದಳು. ಒಂದೇ ಒಂದು ಮೊಳೆ ತನ್ನ ಕೈಯಿಂದ ಹೊಡೆದು ಹೋಗಬೇಕು ಎಂಬುದೊಂದೇ ಅವಳ ಆಸೆ.

ಎಜ್ರಾ ಇನ್ನೂ ಮೇಲಿರಲಿಲ್ಲ. ಅದು ಗೊತ್ತಿದ್ದವನು ಜಗತ್ತಿನಲ್ಲಿ ಡೆಲ್ಬರ್ಟ್ ಒಬ್ಬನೇ.

ತೊಂಬತ್ತೊಂದರಲ್ಲಿ ಆ ಗೋಡೆಯ ಹಲಗೆ ಕೊಳೆತು, ಹೊಸದು ಹಾಕುವ ಕೆಲಸವನ್ನು ಡೆಲ್ಬರ್ಟ್ ತಾನಾಗಿ ವಹಿಸಿಕೊಂಡ. ಹಳೆಯ ಹಲಗೆ ಕಿತ್ತ, ಕೊಯ್ದ, ಒಲೆಗೆ ಹಾಕಿದ, ಚೆನ್ನಾಗಿ ಉರಿಯಿತು ಎಂದು ಖುಷಿಪಟ್ಟ. ಎಜ್ರಾನ ಗುರುತೂ ಅದರ ಜೊತೆ ಉರಿದುಹೋದದ್ದು ಅವನಿಗೆ ಹೊಳೆದದ್ದು ಹೊಸ ಗೋಡೆ ನಿಂತ ಮೇಲೆ. ಪರವಾಗಿಲ್ಲ, ಗುರುತು ತನ್ನ ಟೊಪ್ಪಿಗೆಯ ಮೇಲೆ ಒಂದು ಗೇಣು ಇತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ತಗಡಿಗೆ ‘77’ ಎಂದು ಬಣ್ಣ ಬಳಿದು ಅಲ್ಲೇ ಹೊಡೆದ. ರಸ್ತೆಗೆ ಹೋಗಿ ನಿಂತು ನೋಡಿದ. ಶನಿವಾರ ಪೇಪರ್‌ನವರು ಫೋಟೊ ತೆಗೆಯಲು ಬರುವವರಿದ್ದರು. ಕ್ಲಾಡ್ ಹೇಳುತ್ತಿದ್ದ ಕತೆಗಳ ಎದುರು ತಗಡು ತೀರ ಬಡಪಾಯಿಯಾಗಿ ಕಂಡಿತು. ಏಣಿ ಹೇಗೂ ಅಲ್ಲೇ ಇತ್ತು, ಒಂದು ಅಡಿ ಮೇಲೆ ಹೊಡೆದ. ಆಮೇಲೆ ಇನ್ನೊಂದು ಅಡಿ. ಯಾರಾದರೂ ಆಕ್ಷೇಪಿಸಿದರೆ ಇಳಿಸಿದರಾಯಿತು ಅಂದುಕೊಂಡ. ಯಾರೂ ಆಕ್ಷೇಪಿಸಲಿಲ್ಲ. ಒಂದು ತಿಂಗಳೊಳಗೆ ಇಡೀ ಊರಿನ ನೆನಪು ಎರಡು ಅಡಿ ಮೇಲೇರಿತು.

ತೊಂಬತ್ಮೂರರಲ್ಲಿ ಹಿಮ ಎಜ್ರಾನ ನಿಜವಾದ ಗುರುತನ್ನು ಒಂದು ಗೇಣು ದಾಟಿತ್ತು. ಅಜ್ಜಿ ಬಂದಳು, ತಗಡು ನೋಡಿದಳು, ಹೋದಳು. ಎರಡು ಸಾವಿರದ ಒಂದರಲ್ಲೂ ಅದೇ ಕತೆ. ಎರಡು ಸಲವೂ ಅವಳನ್ನು ಮನೆಗೆ ಬಿಟ್ಟು ಬಂದವನು ಡೆಲ್ಬರ್ಟ್, ಎರಡು ಸಲವೂ ಅವನಿಗೆ ವಾರಗಟ್ಟಲೆ ಊಟ ಸೇರಲಿಲ್ಲ.

"ಏನೋ ಡೆಲ್ಬರ್ಟ್, ನೀನೂ ಎಪ್ಪತ್ತೇಳರದ್ದು ಒಂದು ಹೇಳೋ," ಎಂದಳು ಅಜ್ಜಿ, ಒಲೆಯ ಪಕ್ಕದ ಕುರ್ಚಿಯಿಂದ.

"ನನಗೆ ಅಷ್ಟು ನೆನಪಿಲ್ಲ ಅಜ್ಜಿ."

ಕಾಬ್ಸ್ ಕಾರ್ನರ್‌ನಲ್ಲಿ ಇಂಥ ಮಾತು ಯಾರೂ ಆಡಿರಲಿಲ್ಲ. ರೊವೀನಾ ಗಂಡನ ಹಣೆ ಮುಟ್ಟಿ ನೋಡಿದಳು.

ಸಂಜೆಯ ಹೊತ್ತಿಗೆ ಕೆರೆ ಎದ್ದಿತು. ಆ ದೊಡ್ಡ ಸರೋವರವನ್ನು ಇಲ್ಲಿಯವರು ಕೆರೆ ಎಂದಷ್ಟೇ ಕರೆಯುತ್ತಾರೆ, ಮನೆಯ ಹಿರಿಯರನ್ನು ಹೆಸರು ಹಿಡಿದು ಕರೆಯದ ಹಾಗೆ. ಸೋಮವಾರ ಪೂರ್ತಿ ಸುರಿಯಿತು. ಮಂಗಳವಾರ ಸುರಿಯಿತು ಎನ್ನುವುದಕ್ಕೂ ಆಗದಂತೆ ಸುರಿಯಿತು. ವರ್ನ್‌ನ ಹಿಮ ತಳ್ಳುವ ಲಾರಿ ಒಂದು ಕಡೆ ದಾರಿ ಬಿಡಿಸಿಕೊಂಡು ಹೋಗಿ ತಿರುಗುವಷ್ಟರಲ್ಲಿ ಬಂದ ದಾರಿ ಇರುತ್ತಿರಲಿಲ್ಲ. ಬೇಲಿಗಳು ಹೋದವು, ಅಂಚೆ ಡಬ್ಬಿಗಳು ಹೋದವು, ಕ್ಲಾಡ್‌ನ ಹೊಸ ಪಿಕಪ್ ಗಾಡಿ ಹೋಯಿತು. ಅದರ ಆಂಟೆನಾಕ್ಕೆ ಅವನು ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿದ್ದ, ಬಟ್ಟೆಯೂ ಹೋಯಿತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹಿಮ ನಿಂತಿತು. ಆಕಾಶ ತೊಳೆದಂತೆ ನೀಲಿಯಾಯಿತು. ಜನ ಕಿಟಕಿಗಳಿಂದ ಹೊರಬಿದ್ದು, ಅಗಲವಾದ ಹಿಮಪಾದುಕೆ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದರು. ಅಜ್ಜಿಯನ್ನು ಕಂಬಳಿ ಸುತ್ತಿ ಜಾರುಗಾಡಿಯ ಮೇಲೆ ಕೂರಿಸಿ ಎಳೆದು ತಂದರು. ಹತ್ತು ಹೆಜ್ಜೆ ದೂರದಲ್ಲಿ ಎಲ್ಲರೂ ಸಾಲಾಗಿ ನಿಂತು ಪಡುವಣ ಗೋಡೆ ನೋಡಿದರು. ಹಿಮ ತಗಡಿಗಿಂತ ಒಂದು ಅಡಿ ಕೆಳಗಿತ್ತು.

"ಎಪ್ಪತ್ತೇಳು ಎಪ್ಪತ್ತೇಳೇ," ಎಂದ ಕ್ಲಾಡ್, ತಾನೇ ಅದನ್ನು ಸುರಿಸಿದವನ ಹಾಗೆ.

ಅಜ್ಜಿ ಬಹಳ ಹೊತ್ತು ನೋಡಿದಳು. ಚೀಲದಿಂದ ತೆಗೆದ ಸುತ್ತಿಗೆಯನ್ನು ಮತ್ತೆ ಒಳಗಿಟ್ಟಳು.

"ಎಜ್ರಾ ಇನ್ನೂ ಮೇಲಿದ್ದಾನೆ. ಮುಂದಿನದಕ್ಕೆ ನಾನಿರ್ತೀನೋ ಇಲ್ವೋ. ನಡೀರಿ, ಒಳಗೆ ಒಂದಿಷ್ಟು ಕಾಫಿ ಕೊಡಿ."

ಡೆಲ್ಬರ್ಟ್ ಗೋಡೆಯನ್ನು ಕಣ್ಣಲ್ಲೇ ಅಳೆದ. ನಿಜವಾದ ಗುರುತಿನ ಮೇಲೆ ಆಗಲೇ ಒಂದು ಅಡಿ ಹಿಮ ಬಿದ್ದಿತ್ತು. ಕಂಡವರಿಲ್ಲ, ಕೇಳಿದವರಿಲ್ಲದ ಹಿಮ ಅದು. ಈ ಮುದುಕಿ ಸೋತೆನೆಂದುಕೊಂಡು ಕಾಫಿ ಕುಡಿಯಲು ಹೋಗುತ್ತಿದ್ದಾಳೆ. ಎಲ್ಲರೂ ಒಳಗೆ ಹೋಗಿ, ಕೆಲವರು ಮುಂಬಾಗಿಲಲ್ಲಿ ಲಾರಿ ಬಿಡಿಸಲು ಸಲಿಕೆ ಹಿಡಿದಾಗ, ಡೆಲ್ಬರ್ಟ್ ತಾನೂ ಒಂದು ಸಲಿಕೆ ತೆಗೆದುಕೊಂಡು ಮೆಲ್ಲಗೆ ಹಿಂದೆ ಸರಿದ. ಒಂದು ಅಡಿ ತಾನೆ. ಕೆರೆಯಿಂದ ಆಗದಿದ್ದರೆ ತನ್ನಿಂದ ಆದೀತು ಎಂದು ಅವನು ಲೆಕ್ಕ ಹಾಕಿದ್ದ.

ಮೊದಲು ನೋಡಿದವಳು ರೊವೀನಾ.

"ಡೆಲ್ಬರ್ಟ್, ಏನು ಮಾಡ್ತಿದ್ದೀಯ?"

"ಹಿಮ ಎತ್ತುತಾ ಇದ್ದೀನಿ."

"ಎತ್ತಿ ಗೋಡೆಗೆ ಯಾಕೆ ಹಾಕ್ತಿದ್ದೀಯ?"

"ಎಲ್ಲಾದ್ರೂ ಹಾಕಬೇಕಲ್ಲ."

ರೊವೀನಾ ಕ್ಲಾಡ್‌ನನ್ನು ಕರೆದಳು, ಕ್ಲಾಡ್ ವರ್ನ್‌ನನ್ನು ಕರೆದ. ವರ್ನ್ ಲಾರಿಯಿಂದ ಇಳಿದು ಬಂದು ಟೊಪ್ಪಿಗೆ ತೆಗೆದು ನಿಂತ.

"ಮೂವತ್ತು ವರ್ಷದಿಂದ ಈ ಊರಲ್ಲಿ ಹಿಮ ತೆಗೆಯೋರನ್ನ ನೋಡ್ತಾ ಇದ್ದೀನಿ," ಎಂದ. "ಹಾಕೋನನ್ನ ಇವತ್ತೇ ನೋಡಿದ್ದು."

"ಕಟ್ಟಳೆಯ ಗೋಡೆ ಕಣೋ ಅದು," ಎಂದ ಕ್ಲಾಡ್. "ಆ ಗೋಡೆಗೆ ಸಲಿಕೆ."

"ಮೂರು ದಿನ ಮನೆಯೊಳಗೇ ಇದ್ದ ಪರಿಣಾಮ. ಹಿಮ ತಲೆಗೆ ಹತ್ತಿದೆ," ಎಂದು ಯಾರೋ ಹೇಳಿದರು. "ಭಾನುವಾರವೇ ಅನುಮಾನ ಬಂದಿತ್ತು, ನೆನಪಿಲ್ಲ ಅಂದನಲ್ಲ."

ನಾಲ್ಕು ಜನ ಅವನನ್ನು ಕೈಕಾಲು ಹಿಡಿದು ಒಳಗೆ ಹೊತ್ತು ತಂದರು. ಒಲೆಯ ಮುಂದೆ ಕೂರಿಸಿ, ಎರಡು ಕಂಬಳಿ ಹೊದಿಸಿ, ಸಾರು ಕುಡಿಸಿ, ಈಗ ಯಾವ ವರ್ಷ, ನಿನ್ನ ಹೆಂಡತಿಯ ಹೆಸರೇನು ಎಂದೆಲ್ಲ ಕೇಳಿದರು. ಎರಡನ್ನೂ ಅವನು ಸರಿಯಾಗಿ ಹೇಳಿದ್ದು ಅವರಿಗೆ ಇನ್ನಷ್ಟು ಭಯ ತರಿಸಿತು. ಅಜ್ಜಿ ಎದುರಿಗೇ ಕುಳಿತಿದ್ದಳು. ಅವಳ ಮುಖ ನೋಡಿ ಡೆಲ್ಬರ್ಟ್‌ಗೆ ತಡೆಯಲಾಗಲಿಲ್ಲ.

"ತಗಡು ಸುಳ್ಳು," ಎಂದ. "ನಾನೇ ಹೊಡೆದದ್ದು. ಎರಡು ಅಡಿ ಮೇಲೆ. ಎಜ್ರಾ ಮಾಮನ ಗುರುತು ಮಂಗಳವಾರವೇ ಮುಳುಗಿ ಹೋಗಿದೆ. ಅಜ್ಜಿ ಮೊಳೆ ಹೊಡೀಬಹುದು."

ಹಲಗೆ ಸುಟ್ಟದ್ದು, ಪೇಪರ್‌ನವರು, ಏಣಿ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ತನಗೆ ಬೈಗುಳ ಬೀಳುತ್ತದೆ, ಎದೆ ಹಗುರವಾಗುತ್ತದೆ ಎಂದು ಕಾದ. ಕ್ಲಾಡ್ ಕೆಂಪಗಾಗಿ ಎದ್ದು ನಿಂತ.

"ಅಂದ್ರೆ ನಾನು ಸುಳ್ಳುಗಾರ?"

"ನಿನ್ನನ್ನ ಯಾರು ಅಂದ್ರು? ಸುಳ್ಳು ನಂದು."

"ನಾನು ಆ ಹಿಮಕ್ಕೆ ಗಲ್ಲ ಊರಿದ್ದೆ ಕಣೋ. ಸರಿಯಾಗಿ ತಗಡಿನ ಮಟ್ಟಕ್ಕೆ."

"ಆಗ ತಗಡೇ ಇರಲಿಲ್ಲ ಕ್ಲಾಡ್."

"ಇರಲಿಲ್ಲ, ಆದರೆ ಅದು ಎಲ್ಲಿ ಬರಬೇಕೋ ಅಲ್ಲಿಗೇ ಊರಿದ್ದೆ."

"ನನಗೂ ನೆನಪಿದೆ, ಹಿಮ ತಗಡಿನ ತನಕ ಇತ್ತು," ಎಂದಳು ರೊವೀನಾ.

"ನೀನು ಆಗ ಈ ಊರಲ್ಲೇ ಇರಲಿಲ್ಲವಲ್ಲೇ," ಎಂದ ಡೆಲ್ಬರ್ಟ್.

"ಇರಲಿಲ್ಲ. ಅದಕ್ಕೆ ನೆನಪೂ ಇರಬಾರದಾ?"

ಗಲಾಟೆ ಮೇಲೇರಿತು. ಎರಡು ಅಡಿ ಇಳಿಸಿದರೆ ಎಷ್ಟು ಜನರ ಯೌವನ ನೆಲಕ್ಕೆ ಬೀಳುತ್ತದೆ ಎಂಬುದನ್ನು ಡೆಲ್ಬರ್ಟ್ ಯೋಚಿಸಿಯೇ ಇರಲಿಲ್ಲ. ಕೊನೆಗೆ ಕ್ಲಾಡ್ ಮೇಜು ಕುಟ್ಟಿ, ಕ್ಯಾಪ್ಟನ್‌ನ ಅಧಿಕಾರದಿಂದ ತುರ್ತು ಸಭೆ ಕರೆದು, ಡೆಲ್ಬರ್ಟ್ ಲಕ್ಲೇರ್ ತಗಡನ್ನು ಸರಿಯಾದ ಜಾಗದಲ್ಲೇ ಹೊಡೆದಿದ್ದಾನೆ ಎಂದು ಒಪ್ಪುವವರು ಕೈ ಎತ್ತಿ ಎಂದ. ಇಪ್ಪತ್ತಾರು ಕೈಗಳು ಮೇಲಕ್ಕೆ ಹೋದವು. ವರ್ನ್ ಅದನ್ನು ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. ಮಾಡಿದ ತಪ್ಪಿಗೆ ಶಿಕ್ಷೆ ಬೇಡುತ್ತಿದ್ದ ಮನುಷ್ಯನನ್ನು ಊರು ಬಲವಂತವಾಗಿ ನಿರ್ದೋಷಿ ಮಾಡಿಬಿಟ್ಟಿತು.

ಡೆಲ್ಬರ್ಟ್‌ನನ್ನು ಬಿಟ್ಟರೆ ಕೈ ಎತ್ತದವಳು ಅಜ್ಜಿ ಒಬ್ಬಳೇ. ಗದ್ದಲ ಇಳಿದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಎಷ್ಟು ಸಲ?"

"ಎರಡು ಸಲ ಅಜ್ಜಿ. ತೊಂಬತ್ಮೂರು. ಎರಡು ಸಾವಿರದ ಒಂದು."

"ಎರಡು ಸಲಾನೂ ನೀನೇ ನನ್ನನ್ನ ಮನೆ ತನಕ ಬಿಟ್ಟೆ."

"ಹೂಂ."

"ದಾರೀಲಿ ಬೆಳೆ ವಿಷಯ ಮಾತಾಡಿದೆ. ನಿನ್ನ ಬಸ್ಸಿನ ಬ್ರೇಕ್ ವಿಷಯ ಮಾತಾಡಿದೆ."

ಡೆಲ್ಬರ್ಟ್ ತಲೆ ತಗ್ಗಿಸಿದ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಜ್ಜಿ ಅವನಿಂದ ಮುಖ ತಿರುಗಿಸಿ ಕ್ಲಾಡ್‌ನ ಕಡೆ ನೋಡಿದಳು.

"ಮೊಳೆ ಹೊಡೀಲಾ ಕ್ಲಾಡ್?"

ಕ್ಲಾಡ್ ಬೂಟು ನೋಡಿಕೊಂಡ. "ನಿರ್ಣಯ ಆಗಿಬಿಟ್ಟಿದೆ ಅಜ್ಜಿ. ಬರೆದೂ ಆಯ್ತು. ತಗಡು ಮುಳುಗಬೇಕು."

ಅಷ್ಟರಲ್ಲಿ ಒಳಗೆ ಕತ್ತಲಾಯಿತು. ಬೆಳಗ್ಗೆ ಹನ್ನೊಂದು ಗಂಟೆಗೆ ಯಾರೋ ದೀಪ ಹಾಕಬೇಕಾಯಿತು. ವರ್ನ್ ಅಟ್ಟ ಹತ್ತಿ ಪಡುವಣದ ಕಿಟಕಿ ಒರೆಸಿ ನೋಡಿದವನು ಕೆಳಗಿದ್ದವರನ್ನು ಕರೆಯಲಿಲ್ಲ. ಸುಮ್ಮನೆ ನಿಂತೇ ಇದ್ದ. ಅವನು ಸುಮ್ಮನಿದ್ದದ್ದಕ್ಕೇ ಎಲ್ಲರೂ ಏಣಿ ಹತ್ತಿ ಮೇಲೆ ಹೋದರು. ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು.

ಕೆರೆಯ ಕಡೆಯಿಂದ ಒಂದು ಗೋಡೆ ಬರುತ್ತಿತ್ತು. ನೆಲದಿಂದ ಆಕಾಶದವರೆಗೆ ಒಂದೇ ಸಮನೆ ಬೂದು ಬಣ್ಣ, ಅದಕ್ಕೆ ತುದಿಯಿಲ್ಲ, ಅಂಚಿಲ್ಲ. ಅದು ಅವಸರ ಮಾಡಲಿಲ್ಲ. ಮೊದಲು ದೂರದ ಕಾಡು ಹೋಯಿತು, ಆಮೇಲೆ ಎಜ್ರಾನ ಹಳೆಯ ಕಣಜದ ಗೋಪುರ ಹೋಯಿತು, ಆಮೇಲೆ ರಸ್ತೆಯಾಚೆಯ ಇಗರ್ಜಿ ಅದರ ಗಂಟೆಯ ಸಮೇತ ಹೋಯಿತು. ಆಮೇಲೆ ಕಿಟಕಿಯ ಹೊರಗೆ ಏನೂ ಉಳಿಯಲಿಲ್ಲ. ಬೀಳುವ ಹಿಮದ ಒಳಗೆ ಗುಡುಗಿತು. ಚಳಿಗಾಲದ ಮಧ್ಯದಲ್ಲಿ ಗುಡುಗು ಕೇಳಿದಾಗ ಬೆನ್ನಹುರಿಯಲ್ಲಿ ಏನಾಗುತ್ತದೆ ಎಂಬುದನ್ನು ಕೇಳಿದವರೇ ಬಲ್ಲರು. ಮಿಂಚು ಹಸಿರಾಗಿ ಬೆಳಗಿ, ಒಂದು ಕ್ಷಣ ಕೋಟ್ಯಂತರ ಹಿಮದ ಎಸಳುಗಳು ಗಾಳಿಯಲ್ಲಿ ನಿಂತುಬಿಟ್ಟಂತೆ ಕಂಡವು.

ಒಂದು ಗಂಟೆ ಕಳೆಯಿತು. ಎರಡು ಗಂಟೆ. ಯಾರೂ ಕೂರಲಿಲ್ಲ, ಯಾರೂ ಕಾಫಿ ಕೇಳಲಿಲ್ಲ. ಕ್ಲಾಡ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಇಗರ್ಜಿಯಲ್ಲಿ ನಿಂತಂತೆ ನಿಂತಿದ್ದ. ಅಟ್ಟದ ನೆಲದ ಕೆಳಗೆ, ಗೋಡೆಯ ಆಚೆ, ಹಿಮ ಮೇಲೇರುವ ಸದ್ದು ಕೇಳುತ್ತಿತ್ತು, ಬಟ್ಟೆ ಉಜ್ಜಿದಷ್ಟು ಮೆತ್ತಗೆ. ಇಷ್ಟು ದೊಡ್ಡ ಕೆಲಸ ಇಷ್ಟು ಸಣ್ಣ ಸದ್ದಿನಲ್ಲಿ ನಡೆಯುತ್ತಿದೆಯಲ್ಲ ಎಂದು ಡೆಲ್ಬರ್ಟ್‌ಗೆ ಮೈ ಜುಮ್ಮೆಂದಿತು. ಅಷ್ಟು ಹೊತ್ತಿನಲ್ಲಿ ಒಬ್ಬರಿಗೂ ಎಪ್ಪತ್ತೇಳು ನೆನಪಾಗಲಿಲ್ಲ.

ಮೂರು ಗಂಟೆಗೆ ನಿಂತಿತು. ಅಟ್ಟದಿಂದ ಪಡುವಣಕ್ಕೆ ತೆರೆಯುವ ಬಾಗಿಲು ತೆಗೆದರು. ಹಿಮ ಬಾಗಿಲಿನ ಹೊಸ್ತಿಲಿಗೆ ಸಮನಾಗಿ ಅಂಗಳದಂತೆ ಹಾಸಿಕೊಂಡಿತ್ತು. ತಗಡು ಎಲ್ಲಿದೆ ಎಂದು ಹುಡುಕಿದರು. ತಗಡು ಇರಲಿಲ್ಲ. ಅದು ಇದ್ದ ಜಾಗದ ಮೇಲೆ ಇನ್ನೂ ಒಂದೂವರೆ ಅಡಿ ಹಿಮ ಬಿದ್ದು, ಊರಿನ ಸುಳ್ಳನ್ನೂ ಎಜ್ರಾನ ಸತ್ಯವನ್ನೂ ಒಟ್ಟಿಗೇ ಹೂತುಹಾಕಿತ್ತು. ಡೆಲ್ಬರ್ಟ್ ಇನ್ನೊಂದು ನಾಲ್ಕು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು, ಜನ್ಮಪೂರ್ತಿ ಮರ್ಯಾದಸ್ಥನಾಗಿ ಬಾಳಬಹುದಿತ್ತು. ಹದಿನಾರು ವರ್ಷ ಮುಚ್ಚಿಕೊಂಡವನಿಗೆ ಆ ನಾಲ್ಕು ಗಂಟೆ ಕೂಡಿಬರಲಿಲ್ಲ.

ಹಿಮದ ಮೇಲೆ ಹಲಗೆ ಹಾಸಿದರು. ಅಜ್ಜಿಯ ಕುರ್ಚಿಯನ್ನು ಹಲಗೆಯ ಮೇಲೆ ಗೋಡೆಗೆ ಒತ್ತಿ ಇಟ್ಟರು. ಅಜ್ಜಿ ಕೈಗವಸು ತೆಗೆದು, ಸುತ್ತಿಗೆ ಹಿಡಿದು, ಸುತ್ತ ಬೆಳ್ಳಗೆ ಬಿದ್ದುಕೊಂಡಿದ್ದ ಲೋಕವನ್ನು ಒಮ್ಮೆ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಎಜ್ರಾ ನೋಡಬೇಕಿತ್ತು," ಎಂದಳು. ಆಮೇಲೆ, "ಮೊಳೆ ಹಿಡಿಯೋಕೆ ಒಬ್ಬರು ಬೇಕಲ್ಲ."

ಕ್ಲಾಡ್ ಮುಂದೆ ಬಂದ.

"ನೀನಲ್ಲ. ಅವನು ಬರಲಿ."

ಡೆಲ್ಬರ್ಟ್ ಹಲಗೆಯ ಮೇಲೆ ಹೊಟ್ಟೆಯ ಮೇಲೆ ಮಲಗಿ, ಹಿಮವೂ ಗೋಡೆಯೂ ಸೇರುವಲ್ಲಿ ಮೊಳೆ ನಿಲ್ಲಿಸಿ ಎರಡು ಬೆರಳಲ್ಲಿ ಹಿಡಿದ. ತೊಂಬತ್ತೆರಡು ವರ್ಷದ ಕೈ ಮೇಲೆದ್ದು ಇಳಿಯಿತು. ಏಟು ನೇರವಾಗಿ ಹೆಬ್ಬೆರಳಿಗೆ ಬಿತ್ತು. ಡೆಲ್ಬರ್ಟ್‌ಗೆ ಹಗಲಲ್ಲೇ ಚುಕ್ಕಿ ಕಂಡವು. ಹಲ್ಲು ಕಚ್ಚಿಕೊಂಡ.

"ಪಾಪ, ವಯಸ್ಸಾಯ್ತು, ಕಣ್ಣು ಕಾಣಲ್ಲ," ಎಂದು ರೊವೀನಾ ಹಿಂದಿನಿಂದ ಮರುಗಿದಳು.

"ಚೆನ್ನಾಗಿ ಕಾಣುತ್ತೆ," ಎಂದಳು ಅಜ್ಜಿ. "ಅದು ತೊಂಬತ್ಮೂರರದ್ದು."

ಡೆಲ್ಬರ್ಟ್‌ಗೆ ಲೆಕ್ಕ ತಕ್ಷಣ ತಿಳಿಯಿತು. ಎರಡು ಸಾವಿರದ ಒಂದು ಬಾಕಿಯಿತ್ತು. ಬೇಕೆಂದರೆ ಇನ್ನೊಂದು ಕೈ ಇತ್ತು, ಆದರೆ ಅವನು ಊದಿಕೊಳ್ಳುತ್ತಿದ್ದ ಅದೇ ಬೆರಳಿನಿಂದ ಮೊಳೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ಕಣ್ಣು ಮುಚ್ಚಿ ಕಾದ. ಸುತ್ತಿಗೆ ಬಿತ್ತು. ಮರಕ್ಕೆ ಕಬ್ಬಿಣ ಇಳಿದ ಸದ್ದು ಹಿಮದ ಮೇಲೆ ಬಹಳ ದೂರ ಹೋಯಿತು. ಮತ್ತೆ ಬಿತ್ತು, ಮತ್ತೆ. ಮೊಳೆ ತಲೆಯವರೆಗೂ ಇಳಿಯಿತು. ಡೆಲ್ಬರ್ಟ್ ಇನ್ನೂ ಕಣ್ಣು ಮುಚ್ಚಿಕೊಂಡೇ ಮಲಗಿದ್ದ.

"ಏಳೋ," ಎಂದಳು ಅಜ್ಜಿ.

"ಇನ್ನೊಂದು ಉಳಿದಿದೆ ಅಜ್ಜಿ."

ಅಜ್ಜಿ ಸುತ್ತಿಗೆಯನ್ನು ಸೆರಗಿನಂತೆ ಹೊದ್ದ ಕಂಬಳಿಯಲ್ಲಿ ಒರೆಸಿ, ಚೀಲದೊಳಗಿಟ್ಟು, ಚೀಲದ ಬಾಯಿಗೆ ಭದ್ರವಾಗಿ ಗಂಟು ಹಾಕಿದಳು.

"ಗೊತ್ತು. ಅದನ್ನ ಮುಂದಿನ ಚಳಿಗಾಲಕ್ಕೆ ಇಟ್ಟುಕೊಂಡಿದ್ದೀನಿ," ಎಂದಳು.